ಅರ್ಧ ಬಾಚಿದ ತಲೆ

ಸೀರೆ ಅಂಗಡಿಯವರು ಕೊಟ್ಟ ಕತ್ತರಿ ಮೊಂಡಾಗಿತ್ತು. ಎರಡು ಸಲ ಒತ್ತಿದರೂ ಕೆಂಪು ರಿಬ್ಬನ್ನು ಕತ್ತರಿಯ ಬಾಯೊಳಗೆ ಮಡಚಿಕೊಂಡಿತೇ ಹೊರತು ತುಂಡಾಗಲಿಲ್ಲ. ಪ್ರಮಿಲಾ ನಗು ಕೆಡಿಸಿಕೊಳ್ಳದೆ ಮೂರನೆಯ ಸಲ ಒತ್ತಿದಳು. ನಗು ಕೆಡದಂತೆ ನೋಡಿಕೊಳ್ಳುವುದೇ ಅವಳ ಹೊಟ್ಟೆಪಾಡಲ್ಲವೇ. ಚಪ್ಪಾಳೆ ಬಿತ್ತು. ಮೈಕು ಹಿಡಿದವನು ಅವಳನ್ನು ಅವಳ ಹೆಸರಿನಿಂದ ಕರೆಯದೆ ಧಾರಾವಾಹಿಯ ಅತ್ತೆಯ ಹೆಸರಿನಿಂದಲೇ ಕರೆದ. ಫೋಟೋಕ್ಕೆ ನಿಂತ ಹೆಂಗಸೊಬ್ಬಳು ಹೆಗಲಿಗೆ ಹೆಗಲು ತಾಗಿಸಿ, "ಟೀವಿಯಾಗ ಭಾಳ ಎತ್ತರ ಕಾಣ್ತೀರಿ, ಇಲ್ಲಿ ನೋಡಿದ್ರ ನಮ್ಮಷ್ಟೇ ಅದೀರಲ್ರಿ" ಎಂದಳು, ಏನೋ ಮೋಸ ಹೋದವಳ ದನಿಯಲ್ಲಿ. ಪ್ರಮಿಲಾಳಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. ಇಲ್ಲಿಂದ ಅಕ್ಕ ಇರುವ ಚಿದ್ರಿ ಎಷ್ಟು ದೂರ? ಹದಿನೈದು ನಿಮಿಷ. ಬೀದರಿನ ಈ ಅಂಗಡಿಯ ಉದ್ಘಾಟನೆಗೆ ಒಪ್ಪಿಕೊಂಡದ್ದೇ ಆ ಹದಿನೈದು ನಿಮಿಷದ ದಾರಿಗಾಗಿ. ಬೆಂಗಳೂರಿನಿಂದ ನೇರವಾಗಿ ಅಕ್ಕನ ಮನೆಗೆಂದೇ ಹೊರಡುವ ಧೈರ್ಯ ಅವಳಿಗಿರಲಿಲ್ಲ. ಬೇರೆ ಕೆಲಸಕ್ಕೆ ಬಂದಿದ್ದೆ, ಹಾಗೇ ಬಂದೆ, ಎಂದು ಹೇಳಿಕೊಳ್ಳಲು ಒಂದು ನೆಪ ಬೇಕಿತ್ತು. ಶೇವಂತಕ್ಕ ಏಳು ತಿಂಗಳಿಂದ ಅವಳ ಫೋನು ಎತ್ತಿರಲಿಲ್ಲ.

ಅಂಗಡಿಯವರು ಗೊತ್ತುಮಾಡಿದ ಕಾರಿನ ಡ್ರೈವರು ಲಾಲ ಅಹ್ಮದ ಮಾತುಗಾರ. ಬಸ್ ಸ್ಟ್ಯಾಂಡಿನ ಮುಂದೆ ದಾರಿ ಕಟ್ಟಿಕೊಂಡಾಗ ಹಾರ್ನು ಒತ್ತುವುದನ್ನು ಬಿಟ್ಟು, "ಎಲ್ಲಾ ಹೈದರಾಬಾದಿಗೆ ಹೊಂಟಾರ್ರಿ ಮೇಡಮ್. ಔರಾದ ಕಡಿ ಊರಿಗೆ ಊರೇ ಖಾಲಿ ಆಗ್ಯಾವ" ಎಂದ. ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ ಬೇಸಿಗೆ ಅದು; ಈ ಕಡೆಯೂ ಬಾವಿಗಳ ತಳ ಕಂಡಿತ್ತು. ಗಂಟುಗಳು, ಪ್ಲಾಸ್ಟಿಕ್ ಕೊಡಗಳು, ಹಗ್ಗ ಕಟ್ಟಿದ ಸ್ಟೋವು. ಅವುಗಳ ನಡುವೆ ಹನ್ನೆರಡರ ಹುಡುಗಿಯೊಬ್ಬಳು ತಂಗಿಯನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡು, ಮೈಯೆಲ್ಲ ಬಲಕ್ಕೆ ವಾಲಿಸಿ ನಿಂತಿದ್ದಳು. ಪ್ರಮಿಲಾಳ ಕಣ್ಣು ತಾನಾಗಿ ಆ ವಾಲುವಿಕೆಯನ್ನು ಎತ್ತಿಟ್ಟುಕೊಂಡಿತು. ಇದು ಅವಳ ಕಣ್ಣಿನ ಚಾಳಿ, ಮೂವತ್ತು ವರ್ಷದ್ದು. ಎತ್ತಿಟ್ಟ ಮೇಲೆ ಹೊಳೆಯಿತು, ಇದು ತನ್ನಲ್ಲಿ ಆಗಲೇ ಇದೆ. ಹುಟ್ಟೂರು ಮೆಹಕರದ ಬಾವಿ ಬತ್ತಿದ ಎಪ್ಪತ್ತೆರಡರ ಬರದಲ್ಲಿ ಮನೆಮಂದಿಯೆಲ್ಲ ಔರಾದಿನ ರಸ್ತೆ ಕೆಲಸಕ್ಕೆ ಹೋಗಿದ್ದರು. ಹದಿನೇಳರ ಶೇವಂತಕ್ಕ ಹೀಗೇ ಬಲಕ್ಕೆ ವಾಲಿ, ಏಳು ವರ್ಷದ ದೊಡ್ಡ ಹುಡುಗಿಯಾಗಿದ್ದ ತನ್ನನ್ನು, ಕಾಲು ಸುಡುತ್ತದೆಂದು, ಸೊಂಟದ ಮೇಲೆ ಹೊತ್ತಿದ್ದಳು. ಜಲ್ಲಿ ಒಡೆಯುವಾಗ ಅಕ್ಕನ ಬಲಗಣ್ಣು ಮುಚ್ಚುತ್ತಿತ್ತು, ಸುತ್ತಿಗೆ ಎತ್ತುವ ಮೊದಲೇ. ಸರಕಾರ ಕೊಟ್ಟ ಕೆಂಪು ಜೋಳದ ರೊಟ್ಟಿಯನ್ನು ಅವಳು ಮೊದಲು ಮೂಸಿ ನೋಡಿ, ಆಮೇಲೆ ಮುರಿಯುತ್ತಿದ್ದಳು. ಭಾಲ್ಕಿ ಸ್ಟೇಷನ್ನಿನಲ್ಲಿ ಅಪ್ಪ ಚಿಕ್ಕವಳನ್ನು ಮಾತ್ರ ಪುಣೆಗೆ ಕರೆದುಕೊಂಡು ಹೊರಟಾಗ ಅಕ್ಕ ಅಳಲಿಲ್ಲ. ಕಿಟಕಿಯ ಸರಳು ಹಿಡಿದು, "ಅಲ್ಲಿ ಯಾರಿಗೂ ಹಸಿವಿ ಆಗ್ಯದ ಅನಬ್ಯಾಡ" ಎಂದಳು, ಅಷ್ಟೇ. ಆ ಮಾತನ್ನು ಪ್ರಮಿಲಾ ಮುಂದೆ ಮೂರು ನಾಟಕಗಳಲ್ಲಿ ಆಡಿದಳು. ಮೂರರಲ್ಲೂ ಚಪ್ಪಾಳೆ ಬಿತ್ತು.

ಅಕ್ಕನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಪುಣೆಯ ನಾಟಕಗಳನ್ನು ಅವಳು ನೋಡಿರಲಿಲ್ಲ, ಆದರೆ ಮರಾಠಿ ಸಿನಿಮಾವೊಂದರಲ್ಲಿ ತಂಗಿ ತಲೆಯ ಮೇಲೆ ಹೊರೆ ಇಟ್ಟುಕೊಂಡು ನಡೆದದ್ದನ್ನು ನೋಡಿ, "ಇದು ನನ್ನ ನಡಗಿ ಅದ" ಎಂದು ನಕ್ಕಿದ್ದಳು. ಆಗ ನಕ್ಕಿದ್ದಳು. ಮೊದಲ ಕನ್ನಡ ಸಿನಿಮಾದಲ್ಲಿ ಪ್ರಮಿಲಾಳ ಬೀದರ ಮಾತು ಕೇಳಿ ಸೆಟ್ಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ಬೇರೆಯವಳ ದನಿ ಹಾಕಿಸಿದಾಗ ಅಕ್ಕ ಮಾತ್ರ ನಗಲಿಲ್ಲ. "ಬಾಯಿ ನಿಂದು, ಮಾತು ಯಾರ್ದೋ. ನಂಗ ಥೇಟರಿನಾಗ ಕುಂತು ನಿನ್ನ ಕರೀಬೇಕನಸ್ತು" ಎಂದಿದ್ದಳು. ಆಮೇಲೆ ಧಾರಾವಾಹಿಗಳು ಬಂದವು. ತಾಯಿ, ಅತ್ತೆ, ದೊಡ್ಡಮ್ಮ, ಮತ್ತೆ ತಾಯಿ. ದನಿ ತಿದ್ದಿಕೊಂಡಳು. ಬೆಂಗಳೂರಿನಲ್ಲಿ ಸ್ವಂತ ಫ್ಲ್ಯಾಟು ಆಯಿತು, ಗಂಡ ಆಗಿ ಹೋದ, ಮಕ್ಕಳಾಗಲಿಲ್ಲ. ಶೂಟಿಂಗ್ ಇಲ್ಲದ ಭಾನುವಾರ ಮಧ್ಯಾಹ್ನ, ಮೂರು ಗಂಟೆಗೆ ಸರಿಯಾಗಿ ಅಕ್ಕನಿಗೆ ಫೋನು ಮಾಡುವುದು, ಅವಳು ಚಿದ್ರಿಯ ಓಣಿಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುವುದು, ಕೊನೆಗೆ "ಊಟಾ ಏನ ಮಾಡಿದಿ?" ಎಂದು ಕೇಳುವುದು. ಲೋಕದಲ್ಲಿ ಇನ್ನಾರೂ ಪ್ರಮಿಲಾಳನ್ನು ಹಾಗೆ ಕೇಳುತ್ತಿರಲಿಲ್ಲ. ಈಗ ಭಾನುವಾರ ಮೂರು ಗಂಟೆಯಾದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನು ಹಿಡಿದು ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ತಿರುಗುತ್ತಿದ್ದಳು. ಅಕ್ಕ ಬೇಕಾಗಿದ್ದಳು. ಐವತ್ತೊಂದರ ಹೆಂಗಸಿಗೆ ಅಕ್ಕ ಬೇಕೆಂದು ಯಾರ ಮುಂದೆ ಹೇಳಿಕೊಳ್ಳುವುದು.

ಕೆಟ್ಟದ್ದು ಅವ್ವನ ಸಾವಿನಿಂದ. ಅವ್ವ ಕೇಶರಬಾಯಿ ಹೋದ ಬೇಸಿಗೆಯಲ್ಲಿ, ಚಿದ್ರಿಯ ಅಕ್ಕನ ಮನೆಯಲ್ಲಿ, ಒಂದು ತಿಂಗಳು ಹಾಸಿಗೆ ಹಿಡಿದು ಹೋದಳು. ಹಿಂದಿನ ದಿನವಷ್ಟೇ ಪ್ರಮಿಲಾ ಬಂದು ಮುಟ್ಟಿದ್ದಳು. ಬೆಳಿಗ್ಗೆ ಉಸಿರು ನಿಂತಾಗ ಅಕ್ಕ ಅಳಲಿಲ್ಲ. ಬಾಚಣಿಗೆ ತಂದು, ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಕ್ಕು ಬಿಡಿಸತೊಡಗಿದಳು. ನೋವಾದೀತೆಂಬಂತೆ ಬುಡ ಹಿಡಿದುಕೊಂಡು, ತುದಿಯಿಂದ ಬಾಚಿದಳು. ಹಲ್ಲಿಗೆ ಸಿಕ್ಕ ಬಿಳಿ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಊರಲ್ಲಿ ದಿನಾ ಮಣ್ಣಿನ ಗೋಡೆಯ ಸಂದಿಗೆ ಸಿಕ್ಕಿಸಿದಂತೆ ಸಿಕ್ಕಿಸಲು ಕೈ ಚಾಚಿದಳು. ಚಿದ್ರಿಯದು ಸಿಮೆಂಟಿನ ಗೋಡೆ. ಅಕ್ಕನ ಕೈ ನುಣುಪು ಗೋಡೆಯ ಮೇಲೆ ಮೇಲಿಂದ ಕೆಳಗೆ ಸಂದು ಹುಡುಕಿ, ಸಿಗದೆ, ಉಂಡೆಯನ್ನು ಹಾಗೇ ಹಿಡಿದುಕೊಂಡು ನಿಂತಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಪ್ರಮಿಲಾ ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು, ಮತ್ತು ಆ ಕೈಯನ್ನು ನೋಡುತ್ತಿದ್ದಳು. ಎರಡೂ ಒಟ್ಟಿಗೇ ಆಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ದೀಪಾವಳಿಯ ಹೊತ್ತಿಗೆ ಧಾರಾವಾಹಿಯಲ್ಲಿ ಅವಳ ಪಾತ್ರದ ತಾಯಿ ಸಾಯುವ ದೃಶ್ಯ ಬಂತು. ನಿರ್ದೇಶಕ, "ಗ್ಲಿಸರಿನ್ ಅಳು ಸಾಕಾಗಿದೆ ಮೇಡಮ್, ಏನಾದರೂ ಬೇರೆ ಕೊಡಿ" ಎಂದ. ಅವಳು ಬಾಚಣಿಗೆ ತರಿಸಿದಳು. ಒಂದೇ ಟೇಕು. ಲೈಟಿನವರೂ ಕಣ್ಣು ಒರೆಸಿಕೊಂಡರು, ಪ್ರಶಸ್ತಿಯೂ ಬಂತು, ಆ ತುಣುಕು ಎಲ್ಲರ ಫೋನಿಗೂ ಹೋಯಿತು. ಅದು ಟೀವಿಯಲ್ಲಿ ಬಂದ ಮುಂದಿನ ಭಾನುವಾರದಿಂದಲೇ ಅಕ್ಕ ಫೋನು ಎತ್ತಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಬಂದು ಕಾಲು ಹಿಡಿದುಬಿಡಬಹುದಾಗಿತ್ತು. ಆದರೆ ಆ ಬೆಳಗಿನದು ಇನ್ನೂ ಸ್ವಲ್ಪ ಉಳಿದಿತ್ತು. ಕೂದಲ ಉಂಡೆ ಹಿಡಿದು ಕುಳಿತ ಅಕ್ಕನಿಗೆ ಓಣಿಯ ಕೊನೆಯಲ್ಲಿ ನೀರಿನ ಟ್ಯಾಂಕರಿನ ಹಾರ್ನು ಕೇಳಿತ್ತು. ತಲೆ ಅರ್ಧ ಮಾತ್ರ ಬಾಚಿ ಆಗಿತ್ತು. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗುಬ್ಬಿಗೂಡು. ಅಕ್ಕ ಅವ್ವನ ತಲೆಯನ್ನು ಕೆಳಗಿಳಿಸಿ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು, ಎರಡು ಕೊಡ ಎತ್ತಿಕೊಂಡು ಹೊರಟುಹೋದಳು. ಧಾರಾವಾಹಿಯಲ್ಲಿ ಪ್ರಮಿಲಾ ಅದನ್ನು ತೋರಿಸಲಿಲ್ಲ, ಪೂರ್ತಿ ಬಾಚಿ ಜಡೆ ಹೆಣೆದಿದ್ದಳು. ಮರ್ಯಾದೆಗಾಗಿ ಬಿಟ್ಟೆ ಎಂದು ಆಗ ಅಂದುಕೊಂಡಿದ್ದಳು. ಎರಡು ತಿಂಗಳ ಹಿಂದೆ ಭಾಲಚಂದ್ರ ಎಂಬ ಹೊಸ ನಿರ್ದೇಶಕ, ಬರಗಾಲದ ಮೇಲೆ ಸಿನಿಮಾ ಮಾಡುವವನು, ಮನೆಗೆ ಬಂದು ಚಹಾ ಕುಡಿಯುವಾಗ, ಏನೋ ಮಾತಿಗೆ ಮಾತು ಬಂದು, ಅದನ್ನೂ ಹೇಳಿಬಿಟ್ಟಳು. ಹೇಳುವಾಗಲೇ ಹೇಳಬಾರದಾಗಿತ್ತೆಂದು ತಿಳಿಯಿತು, ಆದರೆ ಅವನ ಕಣ್ಣು ಅರಳಿದ್ದನ್ನು ಕಂಡು ನಿಲ್ಲಿಸಲಾಗಲಿಲ್ಲ. "ಬರ ಅಂದರೆ ಇದೇ ಮೇಡಮ್. ಹೆತ್ತವಳ ಹೆಣ ಬಿಟ್ಟು ನೀರಿಗೆ ಓಡೋದು. ನನ್ನ ಸಿನಿಮಾ ಮುಗಿಯೋದೇ ಇಲ್ಲಿ, ಆ ಮಗಳು ನೀವೇ" ಎಂದ. ಮುಖ್ಯ ಪಾತ್ರ. ಅದೂ ಅವಳ ಸ್ವಂತ ದನಿಯಲ್ಲಿ, ಬೀದರ ಮಾತಿನಲ್ಲಿ. ಇಪ್ಪತ್ತೈದು ವರ್ಷ ಬಾಯೊಳಗೆ ಅದುಮಿಟ್ಟ ಮಾತು. ಔರಾದಿನಲ್ಲಿ ಇನ್ನು ಹದಿನೈದು ದಿನಕ್ಕೆ ಶೂಟಿಂಗು ಶುರು. ಈ ಸಲ ಕೇಳಿ ತೆಗೆದುಕೊಳ್ಳಬೇಕು, ಅಕ್ಕ ಬೇಡವೆಂದರೆ ಬಿಡಬೇಕು ಎಂದು ನಿಶ್ಚಯಿಸಿ ಹೊರಟಿದ್ದಳು. ಬಿಡುವುದು ಸಾಧ್ಯವೇ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ, ಉತ್ತರಕ್ಕೆ ಹೆದರಿ. ಅಕ್ಕನೂ ಬೇಕು, ಆ ಪಾತ್ರವೂ ಬೇಕು. ಕಾರು ಚಿದ್ರಿಯ ಓಣಿಗೆ ತಿರುಗಿತು.

ಬಾಗಿಲು ತೆರೆದ ಶೇವಂತಾಬಾಯಿ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸುಮ್ಮನಾಗಿಸಿದ ನೋಟ ಅದು. ಆಮೇಲೆ ಹಣ್ಣಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದ ಲಾಲ ಅಹ್ಮದನ ಕಡೆ ತಿರುಗಿ, "ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ. ನಿಮ್ಮ ಮೇಡಮ್ಮಗೂ ಫ್ಯಾನಿನ ಕೆಳಗ ಕುಂದರ್ಲಾಕ ಹೇಳ್ರಿ" ಎಂದಳು. ಲಾಲ ಅಹ್ಮದ ಪಾಪದವನು, ಪ್ರಮಿಲಾಳ ಕಡೆ ತಿರುಗಿ, "ಕುಂದರ್ಬೇಕಂತರಿ" ಎಂದು ಒಪ್ಪಿಸಿ, ಬುಟ್ಟಿ ಕೆಳಗಿಟ್ಟು ಕಾರಿಗೆ ಓಡಿದ. ಪ್ರಮಿಲಾ ಕುಳಿತಳು. ಅರ್ಧ ಲೋಟ ನೀರು ಬಂತು. ಅದರಲ್ಲಿ ಅವಮಾನವೇನಿಲ್ಲ, ಆ ವರ್ಷ ಆ ಓಣಿಯಲ್ಲಿ ಯಾರಿಗಾದರೂ ಅರ್ಧ ಲೋಟವೇ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಕೆಳಗೆ ಹೊಸದಾಗಿ ಅವ್ವ. ಅಕ್ಕ ನೆಲದ ಮೇಲೆ ಕುಳಿತು, ಮೊರ ಹತ್ತಿರ ಎಳೆದುಕೊಂಡು, ಜೋಳದಲ್ಲಿನ ಹರಳು ಆರಿಸತೊಡಗಿದಳು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಏಳು ತಿಂಗಳಲ್ಲಿ ಇಷ್ಟು ಬೆಳ್ಳಗಾಯಿತೇ, ಅಥವಾ ಮೊದಲೂ ಹೀಗೇ ಇದ್ದು ತಾನು ನೋಡಿರಲಿಲ್ಲವೇ? ಕೆಳಗಿಳಿದು ಅವಳ ಪಕ್ಕ ಕುಳಿತು ತಾನೂ ಹರಳು ಆರಿಸಬೇಕೆನ್ನಿಸಿತು. ಆದರೆ ಕರೆಯದೆ ಹೇಗೆ ಇಳಿಯುವುದು.

ಪಕ್ಕದ ಮನೆಯ ಕುಲಸುಮಬೀ ಕಾರು ನೋಡಿಯೇ ಬಂದಳು. "ಪಮ್ಮಿ ಬಂದಾಳ ಅಂತ ಕೇಳಿ ಬಂದೆ ನೋಡು. ಎಷ್ಟ ಸೊರಗಿದ್ಯಾ" ಎಂದು ಗಲ್ಲ ಹಿಡಿದವಳು, ಬಿಡದೆ ಮುಂದುವರಿದಳು. "ಆ ಬಾಚಣಿಗಿ ಸೀನು ಬಂದಾಗ ಇಲ್ಲೇ ಕುಂತಿದ್ದೆವು, ಓಣಿ ಹೆಂಗಸರೆಲ್ಲಾ. ನಾ ಅಂದೆ, ಅರೇ, ಇದು ನಮ್ಮ ಶೇವಂತಾನೇ ಅದಾಳ ಅಂತ. ಎಲ್ಲಾರೂ ಅತ್ತರು. ಇಕಿ ಒಬ್ಬಾಕಿ ಎದ್ದು ಒಳಗ ಹ್ವಾದಳು."

"ಕುಲಸುಮ, ಒಲಿ ಮ್ಯಾಲ ಹಾಲಿಟ್ಟು ಬಂದೀಯಂತ ಕಾಣಸ್ತದ" ಎಂದಳು ಅಕ್ಕ, ಮೊರದಿಂದ ಕಣ್ಣೆತ್ತದೆ. ಕುಲಸುಮಬೀ ಜಾಣೆ. ಹಾಲು ಇಟ್ಟಿರಲಿಲ್ಲ, ಆದರೂ ಎದ್ದು ಹೋದಳು.

ಫ್ಯಾನು ಕಿರಿಗುಟ್ಟುತ್ತಿತ್ತು. ಬರುವ ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಪ್ರಮಿಲಾಳ ಬಾಯಲ್ಲಿ ಸಂಭಾಷಣೆಯ ಹಾಳೆಯಂತೆ ಒಣಗಿದ್ದವು. ಕೊನೆಗೆ, "ಸಿಟ್ಟಾಗಿದಿ ಅಕ್ಕಾ" ಎಂದಳು. ಊರ ಮಾತು ತಾನಾಗಿ ಬಾಯಿಗೆ ಬಂತು.

"ಯಾರ ಮ್ಯಾಲ ಸಿಟ್ಟು ಮಾಡ್ಲಿ? ಟೀವಿ ಮ್ಯಾಲ?" ಅಕ್ಕ ಒಂದು ಹರಳು ತೆಗೆದು ಪಕ್ಕಕ್ಕಿಟ್ಟಳು. "ಅವ್ವನ ತಲಿ ಬಾಚಿದ್ದೊಂದು ನಂದು ಅಂತ ಇತ್ತು. ನೀ ಪುಣೆ ಕಂಡಿ, ಬೆಂಗಳೂರ ಕಂಡಿ, ನಂಗ ಆ ಒಂದು ಮುಂಜಾನಿ ಇತ್ತು. ಈಗ ಕಣ್ಣ ಮುಚ್ಚಿ ನೆನಸ್ಕೊಂಡ್ರ ನಿನ್ನ ಮಾರಿ ಬರ್ತದ, ನಿನ್ನ ಕೈ ಬರ್ತದ. ನನ್ನ ಕೈ ಹ್ಯಾಂಗ ಇತ್ತಂತ ನಂಗೇ ನೆನಪಿಲ್ಲದಂಗ ಆಗ್ಯದ."

ಪ್ರಮಿಲಾ ಅತ್ತಳು. ಎಡಗಣ್ಣಿನಿಂದ ಮೊದಲು ನೀರಿಳಿಯಿತು, ಕ್ಯಾಮೆರಾದ ಮುಂದೆ ಇಳಿಯುವಂತೆಯೇ, ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. "ತಪ್ಪಾತು ಅಕ್ಕಾ" ಎಂದಳು. ಅಕ್ಕ ಸೆರಗಿನ ತುದಿಯನ್ನು ಅವಳ ಕಡೆ ಚಾಚಿ, "ಒರಸ್ಕೊ. ಮಾರಿಗೆ ಹಚ್ಚಿದ್ದೆಲ್ಲಾ ಇಳೀಲಾಕತ್ಯದ" ಎಂದಳು. ಪ್ರಮಿಲಾ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತಳು. ಅಕ್ಕನ ಸೆರಗಿನಲ್ಲಿ ಜೋಳದ ದೂಳು, ಬೆವರು, ಸಾಬೂನು. ಏಳು ತಿಂಗಳು ಇದಕ್ಕಾಗಿಯೇ ಬಾಯಾರಿದ್ದಳು. ಇಲ್ಲಿಗೇ ನಿಲ್ಲಿಸಿಬಿಡಬಹುದು, ಉಂಡು, ಮಲಗಿ, ನಾಳೆ ಎದ್ದು ಹೋಗಬಹುದು, ಸಿನಿಮಾ ಬಂದಾಗ ಬರಲಿ. ಹಾಗೆ ಯೋಚಿಸುತ್ತಿರುವ ತನ್ನ ನೀಚತನ ಅವಳಿಗೆ ಸ್ಪಷ್ಟವಾಗಿ ಕಂಡಿತು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವವಳಲ್ಲ.

ಹೇಳಿದಳು. ಭಾಲಚಂದ್ರನ ವಿಷಯ, ಔರಾದಿನ ಶೂಟಿಂಗು, ಟ್ಯಾಂಕರಿನ ಹಾರ್ನು, ಕೂದಲಲ್ಲೇ ಉಳಿದ ಬಾಚಣಿಗೆ. "ನೀ ಬ್ಯಾಡಂದ್ರ ಬಿಡ್ತೇನಿ" ಎಂದೂ ಹೇಳಿದಳು, ಮತ್ತು ಆ ಕ್ಷಣಕ್ಕೆ ಅದು ನಿಜವಾಗಿತ್ತು.

ಅಕ್ಕನ ಬೆರಳು ಜೋಳದ ಮೇಲೆ ನಿಂತಿತು. "ಅದನ್ನೂ ಹೇಳಿದ್ಯಾ? ಹೆಣ ಬಿಟ್ಟು ನೀರಿಗೆ ಓಡಿದಳು ಅಂತ?"

"ನಿನ್ನ ತಪ್ಪಂತ ಅಲ್ಲಕ್ಕಾ. ಬರ ಬಂದ್ರ ಮನಷಾ ಹಂಗ ಆಗ್ತಾನಂತ—"

"ಆ ನೀರು ಯಾತಕ್ಕ ಅಂತ ತಿಳಕೊಂಡಿ ನೀ?"

ಇಷ್ಟು ದಿನ ಪ್ರಮಿಲಾ ಆ ದೃಶ್ಯವನ್ನು ಎಷ್ಟು ಸಲ ಕಣ್ಣಿಗೆ ತಂದುಕೊಂಡಿದ್ದಳು. ಕೊಡ ಎತ್ತುವ ತೋಳು, ಹೊಸ್ತಿಲು ದಾಟುವ ಹಿಮ್ಮಡಿ. ನೀರು ಯಾತಕ್ಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀರು ನೀರಿಗಾಗಿ, ಅಷ್ಟೇ ಅಂದುಕೊಂಡಿದ್ದಳು.

"ಮನ್ಯಾಗ ತಂಬಿಗಿ ನೀರಿರಲಿಲ್ಲ" ಎಂದಳು ಅಕ್ಕ. "ಓಣ್ಯಾಗ ಯಾರ ಮನ್ಯಾಗೂ ಇರಲಿಲ್ಲ. ಎಂಟು ದಿನಕ್ಕೊಮ್ಮಿ ಟ್ಯಾಂಕರ ಬರೂದು. ಒಂದ ತಿಂಗಳು ಹಾಸಿಗಿ ಮ್ಯಾಲ ಬಿದ್ದ ಮೈ. ಜಳಕಾ ಮಾಡಸದ, ಹಂಗೇ ಹೊಲಸ ಮೈಲೇ, ಅವ್ವನ ಹ್ಯಾಂಗ ಕಳಸ್ಲಿ?"

ಪ್ರಮಿಲಾಳಿಗೆ ಆ ಬೆಳಗಿನ ಮುಂದಿನ ಭಾಗ ನೆನಪಾಗತೊಡಗಿತು. ಅವಳು ಮತ್ತೆ ಕೋಣೆಗೆ ಬಂದಾಗ ಅವ್ವ ಶುಭ್ರವಾಗಿದ್ದಳು, ಬಿಳಿ ಸೀರೆ, ಬಿಗಿಯಾದ ಜಡೆ. ಯಾರು ಮಾಡಿದರು, ಯಾವಾಗ, ಎಂದು ಕೇಳಿರಲಿಲ್ಲ. ಅಷ್ಟು ಹೊತ್ತು ಅವಳು ಕಾರಿನಲ್ಲಿದ್ದಳು. ಬೆಂಗಳೂರಿನಿಂದ ಧಾರಾವಾಹಿಯ ಮ್ಯಾನೇಜರು ಫೋನು ಮಾಡಿದ್ದ, ಡೇಟು ಹೊಂದಿಸಬೇಕಾಗಿತ್ತು. ಹೊರಗೆ ಗದ್ದಲ, ಗಾಜು ಏರಿಸಿ, ಎಸಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದ್ದಳು. ಆ ಕಾರಿನ ಡಿಕ್ಕಿಯಲ್ಲಿ ಅವಳು ಹೈದರಾಬಾದಿನಿಂದ ತರಿಸಿಕೊಂಡ ನೀರಿನ ಎರಡು ಕ್ಯಾನುಗಳಿದ್ದವು. ಒಂದೊಂದು ಇಪ್ಪತ್ತು ಲೀಟರು. ಬೀದರಿನ ನೀರು ಹೊಟ್ಟೆಗೆ ಆಗುವುದಿಲ್ಲವೆಂದು.

"ಅಕ್ಕಾ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. "ಕಾರಿನಾಗ ಎರಡ ಕ್ಯಾನ್ ನೀರಿತ್ತು."

"ಗೊತ್ತಿತ್ತು. ಹಿಂದಿನ ದಿನ ಡಿಕ್ಕಿಯಾಗ ನೋಡಿದ್ದಿನಿ." ಅಕ್ಕನ ಮಾತಿನಲ್ಲಿ ಏರಿಳಿತವಿರಲಿಲ್ಲ. "ಟ್ಯಾಂಕರಿಗೆ ಪಾಳಿ ಭಾಳ ಉದ್ದ ಇತ್ತು. ಅವ್ವ ಒಬ್ಬಾಕಿ ಬಿದ್ದಾಳ ಅಂತ ಜೀವ ತಡೀಲಿಲ್ಲ. ಕೊಡ ಪಾಳಿಗಿ ಇಟ್ಟು ನಿನ್ನ ಕಾರಿನ ಕಡಿ ಬಂದಿನಿ. ಗಾಜಿಗಿ ಬಡದಿನಿ. ನೀ ಫೋನಿನಾಗ ಇದ್ದಿ."

ಗಾಜಿನ ಮೇಲೆ ಎರಡು ಸಲ ಬಡಿದ ಸದ್ದು. ಹೌದು, ಬಡಿದಿತ್ತು. ಫೋಟೋ ಕೇಳಲು ಬಂದ ಹೆಂಗಸರೆಂದು ಅವಳು ಮುಖ ತಿರುಗಿಸಿ ನೋಡಿರಲಿಲ್ಲ.

ಶೇವಂತಾಬಾಯಿ ಮೊರ ಕೆಳಗಿಟ್ಟಳು. ಎಡಗೈಯನ್ನು ಕಿವಿಗೆ ಹಿಡಿದು, ಮುಖವನ್ನು ಆಚೆ ತಿರುಗಿಸಿ, ಬಲಗೈಯನ್ನು ಭುಜದ ಎತ್ತರಕ್ಕೆ ತಂದು, ಅಂಗೈ ಹೊರಗೆ ಮಾಡಿ, ಬೆರಳ ತುದಿಯಿಂದ ಎರಡು ಸಲ ಆಚೆ ತಳ್ಳಿದಳು. "ಹಿಂಗ" ಎಂದಳು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ, ಅಣಕವೂ ಇರಲಿಲ್ಲ. ಕಿರುಬೆರಳು ಸ್ವಲ್ಪ ಮಡಚಿದ್ದು ಕೂಡ ಸರಿಯಾಗಿತ್ತು. ಊರವರ ಕೈಯನ್ನೆಲ್ಲ ಮೂವತ್ತು ವರ್ಷ ಎತ್ತಿಟ್ಟುಕೊಂಡ ಪ್ರಮಿಲಾ ತನ್ನ ಆ ಕೈಯನ್ನು ಮೊದಲ ಸಲ ನೋಡಿದಳು.

ಅಕ್ಕ ಕೈ ಇಳಿಸಿ ಮತ್ತೆ ಮೊರ ತೊಡೆಯ ಮೇಲೆ ಎಳೆದುಕೊಂಡಳು.

"ನಾ ಬ್ಯಾಡನ್ನೂದಿಲ್ಲ. ಸಿನಿಮಾದಾಗ ಹಾಕಸ್ತೀಯಂದ್ರ ಹಾಕಸು" ಎಂದಳು. "ಇದನ್ನೂ ಹಾಕಸು."